ಬಂಗುಡೆ ಸಾರಿಗೆ ಕಾಯಿ ಎಷ್ಟು ಹಾಕ್ತೀರಿ? ಊಟ ಮತ್ತು ಕಾಯಿಲೆಯ ನಂಟು ಹುಡುಕುವವರ ಕೆಲಸ

ಪ್ರಶ್ನೆ: ನಾನು ಎಂ.ಎಸ್ಸಿ. ಆಹಾರ ಮತ್ತು ಪೋಷಣೆ ಕೊನೆಯ ವರ್ಷದಲ್ಲಿದ್ದೇನೆ. ‘ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗು ಮಗಳೇ, ಬೇಗ ಸಂಬಳ ಬರ್ತದೆ’ ಅಂತ ಅಪ್ಪ ಹೇಳುತ್ತಾರೆ. ನನಗೆ ಊಟಕ್ಕೂ ಶುಗರ್, ಬಿಪಿ, ಹೃದಯದ ಕಾಯಿಲೆಗೂ ಇರುವ ನಂಟಿನ ಬಗ್ಗೆ ಸಂಶೋಧನೆ ಮಾಡಬೇಕು ಅಂತ ಆಸೆ. ಆ ಕೆಲಸ ನಿಜವಾಗಿ ಹೇಗಿರುತ್ತದೆ? ಇಡೀ ದಿನ ಲ್ಯಾಬಿನಲ್ಲೇ ಇರಬೇಕಾ? ಮುಂದೆ ದಾರಿ ಇದೆಯಾ?
– ಓದುಗರು, ಕಾರವಾರ

ಉತ್ತರ: ಲ್ಯಾಬಿಗಿಂತ ಜಾಸ್ತಿ ಹೊತ್ತು ಬೇರೆಯವರ ಮನೆಯ ಅಡುಗೆಕೋಣೆಯಲ್ಲಿ ಕಳೆಯಬೇಕು. ಅದು ಇಷ್ಟವಾಗದಿದ್ದರೆ ಈ ದಾರಿ ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕೆಲಸದಲ್ಲಿ ರಕ್ತ ಪರೀಕ್ಷೆ ಸುಲಭದ ಭಾಗ. ಸ್ಯಾಂಪಲ್ ಕಳಿಸಿದರೆ ಅಂಕಿ ಬರುತ್ತದೆ. ಕಷ್ಟ ಇರೋದು ಜನ ಏನು ತಿಂದರು, ಎಷ್ಟು ತಿಂದರು ಅಂತ ತಿಳಿಯುವುದರಲ್ಲಿ. ಅದಕ್ಕೆ ಎರಡು ಮುಖ್ಯ ದಾರಿಗಳಿವೆ. ಹಿಂದಿನ 24 ಗಂಟೆಯಲ್ಲಿ ಬಾಯಿಗೆ ಹೋದದ್ದನ್ನೆಲ್ಲ ಕೇಳಿ ಬರೆದುಕೊಳ್ಳುವುದು ಒಂದು. ಉದ್ದನೆಯ ಪಟ್ಟಿ ಹಿಡಿದು ‘ಇದನ್ನು ವಾರಕ್ಕೆ ಎಷ್ಟು ಸಲ, ತಿಂಗಳಿಗೆ ಎಷ್ಟು ಸಲ ತಿಂತೀರಿ’ ಅಂತ ಕೇಳುವುದು ಇನ್ನೊಂದು.

ಅಂಕೋಲಾ ಕಡೆಯ ಒಂದು ಮನೆ ಅಂದುಕೊಳ್ಳಿ. ‘ನಿನ್ನೆ ಮಧ್ಯಾಹ್ನ ಊಟಕ್ಕೆ ಏನಿತ್ತು ಅಕ್ಕ?’ ‘ಎಂತ ಇರ್ತದೆ, ಅನ್ನ, ಮೀನು ಸಾರು.’ ಇಷ್ಟೇ ಬರೆದುಕೊಂಡು ಎದ್ದರೆ ಆ ಹಾಳೆ ಒಲೆ ಹೊತ್ತಿಸೋಕೆ ಲಾಯಕ್ಕು. ಮೀನು ಯಾವುದು? ಬಂಗುಡೆ, ತಾರ್ಲೆಯಲ್ಲಿ ಒಮೆಗಾ-3 ಅನ್ನುವ, ಹೃದಯಕ್ಕೆ ಒಳ್ಳೆಯದೆನ್ನುವ ಕೊಬ್ಬು ಚೆನ್ನಾಗಿ ಇರುತ್ತದೆ, ಸಿಗಡಿಯಲ್ಲಿ ಕಡಿಮೆ. ಸಾರು ಮಾತ್ರವಾ, ರವೆ ಹಚ್ಚಿ ಹುರಿದದ್ದೂ ಇತ್ತಾ? ಮನೆಮಂದಿಗೆಲ್ಲ ಆಗುವ ಸಾರಿಗೆ ಕಾಯಿ ಅರ್ಧವೋ, ಒಂದೋ? ಅನ್ನ ಕುಚ್ಚಲಕ್ಕಿಯದಾ? ಎಷ್ಟು ಸೌಟು? ಆಮೇಲೆ ಅವರ ಮನೆಯ ಸೌಟನ್ನೇ ತರಿಸಿ, ನೀರು ತುಂಬಿ ಅಳೆಯಬೇಕು. ಒಂದು ಮನೆಯ ಒಂದು ಸೌಟು ಪಕ್ಕದ ಮನೆಯಲ್ಲಿ ಒಂದೂವರೆ ಆಗಿರುತ್ತದೆ. ಎಣ್ಣೆಯನ್ನಂತೂ ‘ಎಷ್ಟು ಹಾಕ್ತೀರಿ’ ಅಂತ ಕೇಳಲೇಬೇಡಿ, ‘ಸ್ವಲ್ಪ’ ಅನ್ನುವ ಉತ್ತರ ಬಿಟ್ಟು ಬೇರೆ ಬರಲ್ಲ. ತಿಂಗಳಿಗೆ ಎಷ್ಟು ಲೀಟರ್ ತರ್ತೀರಿ, ಉಣ್ಣುವವರು ಎಷ್ಟು ಜನ ಅಂತ ಕೇಳಿ ಭಾಗಿಸಿ.

ಯಾರನ್ನು ಕೇಳುತ್ತೀರಿ ಅನ್ನುವುದೂ ಮುಖ್ಯ. ಗಂಡಸರಿಗೆ ತಟ್ಟೆಗೆ ಬಿದ್ದದ್ದು ಗೊತ್ತು, ಪಾತ್ರೆಗೆ ಬಿದ್ದದ್ದು ಗೊತ್ತಿಲ್ಲ. ಅತ್ತೆ ಬಾಗಿಲಲ್ಲಿ ನಿಂತಿದ್ದರೆ, ತಾನು ಕೊನೆಗೆ ಬರೀ ಗಂಜಿ ಉಪ್ಪಿನಕಾಯಿ ಉಂಡದ್ದನ್ನು ಸೊಸೆ ಬಾಯಿ ಬಿಡುವುದಿಲ್ಲ. ಇನ್ನು ಘಟ್ಟದ ಮೇಲೆ, ಶಿರಸಿ ಕಡೆ ಹೋದರೆ ಕವಳವನ್ನು (ಎಲೆ ಅಡಿಕೆಯನ್ನು) ಯಾರೂ ತಿಂದದ್ದರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು. ತಂಬಾಕು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ತೋಟದ ಅಡಿಕೆಯಿಂದಲೇ ಮಕ್ಕಳನ್ನು ಓದಿಸಿದವರ ಜಗುಲಿಯಲ್ಲಿ ಕೂತು ಈ ಮಾತು ಎತ್ತಲು ನಾಲಿಗೆ ತಡವರಿಸುತ್ತದೆ. ಆದರೂ ಎತ್ತಬೇಕು.

ಯಾವಾಗ ಕೇಳುತ್ತೀರಿ ಅನ್ನುವುದು ಇನ್ನೂ ದೊಡ್ಡ ವಿಷಯ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಳೆಗಾಲದಲ್ಲಿ ಸಮೀಕ್ಷೆ ಮಾಡಿದರೆ ಹಸಿ ಮೀನು ಕಡಿಮೆ, ಒಣಮೀನು ಜಾಸ್ತಿ, ಅದರ ಜೊತೆ ಉಪ್ಪೂ ಜಾಸ್ತಿ. ಶ್ರಾವಣದಲ್ಲಿ ಎಷ್ಟೋ ಮನೆಗಳಲ್ಲಿ ಮೀನೇ ಇಲ್ಲ. ಸೋಮವಾರದ ಊಟ ಕೇಳಿದರೆ ಅರ್ಧ ಊರೇ ಸಸ್ಯಾಹಾರಿ! ಅದೇ ಮನೆಗಳಿಗೆ ಡಿಸೆಂಬರಿನಲ್ಲಿ ಹೋಗಿ, ಬೇರೆಯೇ ಚಿತ್ರ ಸಿಗುತ್ತದೆ. ಒಂದೇ ಸಲ ಹೋಗಿ ಬಂದು ‘ಕರಾವಳಿಯ ಜನ ಇಂಥದ್ದು ತಿನ್ನುತ್ತಾರೆ’ ಅಂತ ಬರೆದ ವರದಿಯನ್ನು ನಾನು ನಂಬುವುದಿಲ್ಲ.

ಉಪ್ಪಿನ ವಿಷಯದಲ್ಲಿ ಮಾತನ್ನು ನಂಬಿ ಕೂರುವಂತಿಲ್ಲ. ಒಣಮೀನು, ಅಪ್ಪೆಮಿಡಿ, ಹಪ್ಪಳ, ಹೋಟೆಲ್ ತಿಂಡಿ ಹೀಗೆ ಹತ್ತು ಕಡೆಯಿಂದ ಬರುತ್ತದೆ. ಉಪ್ಪಿನಲ್ಲಿರುವ ಸೋಡಿಯಂನ ಬಹುಪಾಲು ಮೂತ್ರದಲ್ಲೇ ಹೊರಗೆ ಹೋಗುವುದರಿಂದ, ಒಂದು ಇಡೀ ದಿನದ ಮೂತ್ರ ಸಂಗ್ರಹಿಸಿ ಅಳೆಯುತ್ತಾರೆ. ಅದಕ್ಕೆ ದೊಡ್ಡ ಕ್ಯಾನ್ ಕೊಟ್ಟು, ‘ಬೆಳಿಗ್ಗೆ ಎದ್ದು ಮೊದಲಿನದ್ದು ಬಿಟ್ಟು, ನಾಳೆ ಬೆಳಿಗ್ಗೆಯವರೆಗಿನದ್ದೆಲ್ಲ ಇದರಲ್ಲಿ’ ಅಂತ ಒಬ್ಬ ಹಿರಿಯರಿಗೆ ವಿವರಿಸಬೇಕು. ಅವರು ನಿಮ್ಮನ್ನೂ ಕ್ಯಾನನ್ನೂ ನೋಡುವ ನೋಟ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಸುಮಾರು ಒಂದು ಟೀ ಚಮಚ.

ಊರಿಂದ ತಂದದ್ದನ್ನು ಪೋಷಕಾಂಶಗಳ ಲೆಕ್ಕಕ್ಕೆ ಇಳಿಸಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಲ್ಲಿ 528 ಆಹಾರಗಳ ವಿವರ ಇದೆ. ಆದರೆ ಅಪ್ಪೆಹುಳಿ, ತಂಬುಳಿಯಂಥವನ್ನು ನೀವೇ ಸಾಮಗ್ರಿ ಸಾಮಗ್ರಿಯಾಗಿ ಬಿಡಿಸಿ ಲೆಕ್ಕ ಹಾಕಬೇಕು. ಕೊಂಕಣಿ, ಕನ್ನಡ ಎರಡೂ ಬಲ್ಲ, ಸೋಲ್ ಕಡಿಗೆ (ಕೋಕಂ, ಕಾಯಿಹಾಲಿನ ಪಾನಕ) ಏನೇನು ಬೀಳುತ್ತದೆ ಅಂತ ಗೊತ್ತಿರುವ ಕಾರವಾರದ ಹುಡುಗಿಗೆ ಇಲ್ಲಿ ದೊಡ್ಡ ಅನುಕೂಲ ಇದೆ. ದಿಲ್ಲಿಯಲ್ಲಿ ಕೂತು ತಯಾರಿಸಿದ ಪಟ್ಟಿಯಲ್ಲಿ ಇವಕ್ಕೆ ಜಾಗವೇ ಇರುವುದಿಲ್ಲ, ಕೇಳದೇ ಇದ್ದದ್ದು ಲೆಕ್ಕಕ್ಕೂ ಬರುವುದಿಲ್ಲ.

ಇಷ್ಟಾದ ಮೇಲೆ ಕಾಯಬೇಕು. ಯಾರಿಗೆ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ ಅಂತ ವರ್ಷಗಟ್ಟಲೆ ಅದೇ ಜನರ ಹಿಂದೆ ಇರಬೇಕು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಶುರುವಾದ ಹೃದಯ ಅಧ್ಯಯನ, 1976ರಲ್ಲಿ ಲಕ್ಷಕ್ಕೂ ಹೆಚ್ಚು ನರ್ಸ್‌ಗಳನ್ನು ಸೇರಿಸಿಕೊಂಡು ಆರಂಭವಾದ ಅಧ್ಯಯನ, ಇವೆಲ್ಲ ಹೀಗೇ ಬೆಳೆದವು. ಅಷ್ಟು ದೂರ ಯಾಕೆ, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಮಕ್ಕಳ ಹುಟ್ಟಿದ ತೂಕ, ಉದ್ದ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು, ಬೆಳೆದು ದೊಡ್ಡವರಾಗಿದ್ದ ಅದೇ ಮಕ್ಕಳನ್ನು ಹುಡುಕಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಜಾಸ್ತಿ ಕಂಡಿತು, 1996ರಲ್ಲಿ ಅದು ಪ್ರಕಟವಾಯಿತು. ತೂಕ ಬರೆದಿಟ್ಟ ದಾದಿಯರಿಗೆ ಅದು ಎಂಥ ಸಂಪತ್ತು ಅಂತ ಆಗ ಗೊತ್ತಿರಲಿಕ್ಕಿಲ್ಲ.

ದಾರಿಯ ಬಗ್ಗೆ ಕೇಳಿದ್ದೀರಿ. ಜೆಆರ್‌ಎಫ್ (ಪಿಎಚ್‌.ಡಿ. ಮಾಡುವಾಗ ತಿಂಗಳಿಗೆ ಹಣ ಸಿಗುವ ಫೆಲೋಶಿಪ್) ಪರೀಕ್ಷೆಗೆ ಓದಿ. ಹೈದರಾಬಾದಿನ ಪೋಷಣಾ ಸಂಸ್ಥೆ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಇಂಥ ಕಡೆ ಪ್ರಾಜೆಕ್ಟ್ ಹುದ್ದೆಗಳು ಬರುತ್ತಿರುತ್ತವೆ, ಕಣ್ಣಿಟ್ಟಿರಿ. ಸ್ಟ್ಯಾಟಿಸ್ಟಿಕ್ಸ್ ಈಗಲೇ ಕಲಿಯಿರಿ, ಅದು ಬರದೆ ಇಲ್ಲಿ ಉಳಿಗಾಲ ಇಲ್ಲ. ಅಪ್ಪ ಹೇಳುವುದರಲ್ಲೂ ಹುರುಳಿದೆ: ಪ್ರಾಜೆಕ್ಟ್ ಮುಗಿದರೆ ಸಂಬಳವೂ ನಿಲ್ಲುತ್ತದೆ. ಪಿಎಚ್‌.ಡಿ. ಮುಗಿದು ಖಾಯಂ ಕೆಲಸ ಸಿಗುವವರೆಗೆ ಕೈ ಬಿಗಿ ಹಿಡಿಯಬೇಕಾಗುತ್ತದೆ. ಮೊದಲು ಒಂದೆರಡು ವರ್ಷ ಆಸ್ಪತ್ರೆಯಲ್ಲಿ ದುಡಿದರೆ ಅದೇನೂ ದಂಡ ಅಲ್ಲ. ಡಯಟ್ ಚಾರ್ಟನ್ನು ಜನ ಮನೆಗೆ ಒಯ್ದು ಏನು ಮಾಡುತ್ತಾರೆ ಅನ್ನುವುದು ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಒಂದು ವರ್ಷ ಕೊಬ್ಬರಿ ಎಣ್ಣೆ ವಿಷ ಅಂತೀರಿ, ಇನ್ನೊಂದು ವರ್ಷ ಅಮೃತ ಅಂತೀರಿ. ಸಂಶೋಧಕರೇ ಹೀಗೆ ಮಾತು ಬದಲಿಸಿದರೆ ನಾವು ಯಾರನ್ನು ನಂಬಬೇಕು?
– ಗೃಹಿಣಿ, ಶಿರಸಿ

ಉತ್ತರ: ಕೊಬ್ಬರಿ ಎಣ್ಣೆಯ ವಿಷಯದಲ್ಲಿ ಸಂಶೋಧಕರ ಮಾತು ಅಷ್ಟೇನೂ ಬದಲಾಗಿಲ್ಲ ಅಮ್ಮ, ಬದಲಾದದ್ದು ವಾಟ್ಸ್ಯಾಪ್ ಸಂದೇಶಗಳು. ಅದರಲ್ಲಿ ಸುಮಾರು 90 ಶೇಕಡಾ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೊಲೆಸ್ಟ್ರಾಲ್ ಏರಿಸುವ ಬಗೆಯದು. ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ 2020ರ ವಿಶ್ಲೇಷಣೆಯಲ್ಲೂ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಇದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ ಅಂತಲೇ ಬಂತು. ಹಾಗಂತ ಪಲ್ಯಕ್ಕೆ ಉದುರಿಸಿದ ಕಾಯಿತುರಿಗೂ ಬಾಣಲೆ ತುಂಬ ಎಣ್ಣೆಗೂ ಒಂದೇ ತಕ್ಕಡಿ ಬೇಡ, ತುರಿಯಲ್ಲಿ ನಾರೂ ಇದೆ. ಪೆಸಿಫಿಕ್ ಸಾಗರದ ಟೊಕೆಲಾವ್ ದ್ವೀಪದವರು ತೆಂಗನ್ನೇ ನೆಚ್ಚಿ ಬದುಕಿದರೂ ಅವರಲ್ಲಿ ಹೃದಯದ ಕಾಯಿಲೆ ಹೆಚ್ಚಿರಲಿಲ್ಲ ಅಂತ 1981ರ ವರದಿ ಒಂದಿದೆ. ಎಣ್ಣೆ ಮಾರುವವರು ಇದನ್ನು ಎತ್ತಿ ತೋರಿಸುತ್ತಾರೆ. ಆ ಜನ ಜೊತೆಗೆ ಮೀನು ತಿನ್ನುತ್ತಿದ್ದರು, ಸಕ್ಕರೆ ಕಡಿಮೆ ಇತ್ತು ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ನಿಜವಾಗಿ ಉಲ್ಟಾ ಹೊಡೆದ ಪ್ರಸಂಗಗಳೂ ಇವೆ. ಬೀಟಾ ಕ್ಯಾರೊಟಿನ್ (ಗಜ್ಜರಿಗೆ ಬಣ್ಣ ಕೊಡುವ, ದೇಹದಲ್ಲಿ ವಿಟಮಿನ್ ಎ ಆಗುವ ಅಂಶ) ಇರುವ ತರಕಾರಿ, ಹಣ್ಣು ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಂಡಿತ್ತು. ಹಾಗಾದರೆ ಮಾತ್ರೆಯಾಗಿ ಕೊಟ್ಟರೆ ಇನ್ನೂ ಒಳ್ಳೆಯದಲ್ವಾ ಅಂತ ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಪ್ರಯೋಗ ಮಾಡಿದರು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡಾ ಹೆಚ್ಚಿತ್ತು. ತರಕಾರಿ ತಿನ್ನುವವರು ಬೇರೆ ಹತ್ತು ವಿಷಯಗಳಲ್ಲೂ ಉಳಿದವರಿಗಿಂತ ಬೇರೆಯಾಗಿರುತ್ತಾರೆ. ಬರೀ ಗಮನಿಸಿದ ಅಧ್ಯಯನದಲ್ಲಿ ಅದನ್ನು ಪೂರ್ತಿ ಬೇರ್ಪಡಿಸುವುದು ಕಷ್ಟ. ಅದಕ್ಕೇ ಸುದ್ದಿ ಓದುವಾಗ ಮೂರು ವಿಷಯ ನೋಡಿ: ಪರೀಕ್ಷೆ ಇಲಿಗಳ ಮೇಲೋ ಜನರ ಮೇಲೋ, ಸುಮ್ನೆ ಗಮನಿಸಿದ್ದೋ ಕೊಟ್ಟು ನೋಡಿದ್ದೋ, ದುಡ್ಡು ಯಾರದು. ಮೂರನೆಯದನ್ನು ಸಾಮಾನ್ಯವಾಗಿ ಪ್ರಬಂಧದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ.

ಪ್ರಶ್ನೆ: ನನಗೆ ಶುಗರ್ ಇದೆ. ಕುಚ್ಚಲಕ್ಕಿ ಗಂಜಿ ಎಷ್ಟು ಉಂಡರೂ ತೊಂದರೆ ಇಲ್ಲ ಅಂತಾರೆ, ಹೌದಾ?
– ಓದುಗರು, ಕುಮಟಾ

ಉತ್ತರ: ‘ಎಷ್ಟು ಉಂಡರೂ’ ಅನ್ನುವುದು ತಪ್ಪು. ಅದೇ ತಳಿಯ ಬಿಳಿ ಅಕ್ಕಿಗೆ ಹೋಲಿಸಿದರೆ ಕುಚ್ಚಲಕ್ಕಿ ಸಾಮಾನ್ಯವಾಗಿ ಸಕ್ಕರೆಯನ್ನು ಸ್ವಲ್ಪ ನಿಧಾನಕ್ಕೆ ಏರಿಸುತ್ತದೆ, ಅಷ್ಟೇ. ಮೂರು ಬಟ್ಟಲು ಉಂಡರೆ ಆ ಲಾಭ ಅಲ್ಲಿಗೇ ಮುಗಿಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೇಶವ್ಯಾಪಿ ಸಮೀಕ್ಷೆಯ 2023ರ ವರದಿ ಪ್ರಕಾರ ದೊಡ್ಡವರಲ್ಲಿ 11.4 ಶೇಕಡಾ ಜನರಿಗೆ ಡಯಾಬಿಟಿಸ್ ಇದೆ, ಇನ್ನೂ 15.3 ಶೇಕಡಾ ಜನ ಅದರ ಹೊಸ್ತಿಲಲ್ಲಿದ್ದಾರೆ. ನಮ್ಮ ತಟ್ಟೆಯಲ್ಲಿ ಅನ್ನದ ಪಾಲು ಜಾಸ್ತಿ ಇರುವುದೂ ಇದಕ್ಕೆ ಒಂದು ಕಾರಣ. ಒಂದು ಬಟ್ಟಲು ಗಂಜಿಗೆ ಮೀನೋ, ಹೆಸರುಕಾಳೋ, ಪಲ್ಯವೋ ಧಾರಾಳವಾಗಿ ಸೇರಿಸಿ. ಉಪ್ಪಿನಕಾಯಿ ರಸ ಬೇಡ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಉಂಡ ಎರಡು ಗಂಟೆಗೆ ನೋಡಿ ಬರೆದಿಡಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅನ್ನವನ್ನು ಒಮ್ಮೆಲೇ ಕಡಿಮೆ ಮಾಡಬೇಡಿ, ಶುಗರ್ ತೀರಾ ಇಳಿದು ತಲೆ ಸುತ್ತಬಹುದು. ಆ ಬರೆದದ್ದನ್ನು ಡಾಕ್ಟರಿಗೆ ತೋರಿಸಿ, ಅವರು ಮಾತ್ರೆಯ ಪ್ರಮಾಣ ನೋಡಿ ಹೇಳುತ್ತಾರೆ.