ಹತ್ತಿಯ ಮೋಹಕ ಬಲೆಯಲ್ಲಿ ಪತಂಗ ಹೆಚ್ಚಿದೆ, ಈಗಲೇ ಸಿಂಪಡಿಸಬೇಕೇ?

ಪ್ರಶ್ನೆ: ಮಾನ್ವಿ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಬಿ.ಟಿ. ಹತ್ತಿ ಬೆಳೆದಿದ್ದೇನೆ. ಗುಲಾಬಿ ಕಾಯಿಕೊರಕಕ್ಕೆಂದು ಎಂಟು ಮೋಹಕ ಬಲೆಗಳನ್ನು ಕಟ್ಟಿದ್ದೇನೆ. ಎರಡು ವಾರ ದಿನಕ್ಕೆ ಒಂದೆರಡು ಪತಂಗಗಳಷ್ಟೇ ಬೀಳುತ್ತಿದ್ದವು. ನಿನ್ನೆ ರಾತ್ರಿ ಒಂದು ಬಲೆಯಲ್ಲಿ ಹನ್ನೊಂದು ಬಿದ್ದಿವೆ. ಕೂಡಲೇ ಔಷಧ ಹೊಡೆಯಲೇ?

ಉತ್ತರ: ಒಂದು ರಾತ್ರಿಯ ಎಣಿಕೆ ನೋಡಿ ಔಷಧ ಹೊಡೆಯಬೇಡಿ. ಪ್ರತಿ ಬಲೆಗೆ ರಾತ್ರಿಯೊಂದಕ್ಕೆ 8 ಪತಂಗಗಳಂತೆ ಸತತ ಮೂರು ರಾತ್ರಿ ಬಿದ್ದರೆ ಅದು ಆರ್ಥಿಕ ನಷ್ಟದ ಹಂತ, ಅಂದರೆ ಸಿಂಪಡಿಸಬೇಕಾದ ಮಟ್ಟ. ಎಂಟೂ ಬಲೆಗಳ ಲೆಕ್ಕವನ್ನು ಬೇರೆ ಬೇರೆಯಾಗಿ ಬರೆದಿಡಿ. ಒಂದೇ ಬಲೆಯಲ್ಲಿ ಹೆಚ್ಚು ಬೀಳುತ್ತಿದ್ದರೆ ಅದರ ಸಮೀಪ ಕಳೆದ ವರ್ಷದ ಹತ್ತಿ ಕಟ್ಟಿಗೆಯ ಬಣವೆಯೋ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲೋ ಇದೆಯೇ ಎಂದು ನೋಡಿ. ಅಲ್ಲಿ ಉಳಿದ ಕಾಯಿ, ಬೀಜಗಳಲ್ಲಿ ಸುಪ್ತವಾಗಿದ್ದ ಹುಳುಗಳೇ ಪತಂಗಗಳಾಗಿ ಹೊರಬರುತ್ತವೆ.

ಮೋಹಕ ಬಲೆ ಹೆಣ್ಣು ಪತಂಗದ ವಾಸನೆಯಿಂದ ಸೆಳೆಯುವುದರಿಂದ ಅದಕ್ಕೆ ಬೀಳುವುದು ಗಂಡು ಪತಂಗ ಮಾತ್ರ, ಮೊಟ್ಟೆಯಿಡುವ ಹೆಣ್ಣು ಹೊಲದಲ್ಲೇ ಇರುತ್ತದೆ. ಆದ್ದರಿಂದ ಬಲೆಯ ಎಣಿಕೆ ಏರಿದೊಡನೆ ಗಿಡವನ್ನು ನೋಡಲೇಬೇಕು. ಎಸಳುಗಳು ಬಿಚ್ಚಿಕೊಳ್ಳದೆ ರೇಷ್ಮೆಯಂಥ ನೂಲಿನಿಂದ ಹೆಣೆದು ಗುಲಾಬಿ ಮೊಗ್ಗಿನಂತೆ ಮುದುಡಿದ ಹೂಗಳಿದ್ದರೆ ಒಳಗೆ ಹುಳುವಿರುತ್ತದೆ. ಅವನ್ನು ಕಿತ್ತು ನಾಶಪಡಿಸಿ. ಬಳಿಕ ಹೊಲದ ಬೇರೆ ಬೇರೆ ಕಡೆಯಿಂದ ಇಪ್ಪತ್ತು ಎಳೆಯ ಹಸಿರು ಕಾಯಿಗಳನ್ನು ಕಿತ್ತು ಒಡೆದು ನೋಡಿ. ಹುಳು ಒಳಹೊಕ್ಕ ರಂಧ್ರ ಬೇಗ ಮುಚ್ಚಿಹೋಗುವುದರಿಂದ ಕಾಯಿ ಹೊರಗಿನಿಂದ ಸೊಗಸಾಗಿಯೇ ಕಾಣುತ್ತದೆ. ಒಡೆದಾಗಲೇ ಸಿಪ್ಪೆಯ ಒಳಮೈಯ ಸಣ್ಣ ಗುಳ್ಳೆಗಳೂ ತೊಳೆಗಳ ನಡುವಿನ ಗೋಡೆಯ ತೂತೂ ಗೋಚರಿಸುತ್ತವೆ. ಎಳೆ ಹುಳು ಬೆಳ್ಳಗಿರುತ್ತದೆ, ಗುಲಾಬಿ ಬಣ್ಣ ಬರುವುದು ಬಲಿತ ಮೇಲೆ. ಇಪ್ಪತ್ತರಲ್ಲಿ ಎರಡು ಕಾಯಿಗಳಲ್ಲಿ ಹುಳು ಸಿಕ್ಕರೆ, ಅಂದರೆ ಶೇ 10ರಷ್ಟಾದರೆ, ಬಲೆಯ ಮೂರನೇ ರಾತ್ರಿಗೆ ಕಾಯದೆ ರೈತ ಸಂಪರ್ಕ ಕೇಂದ್ರದಲ್ಲಿ ಬೆಳೆಯ ವಯಸ್ಸನ್ನು ತಿಳಿಸಿ, ಅವರು ಸೂಚಿಸಿದ ಕೀಟನಾಶಕವನ್ನೇ ಸಿಂಪಡಿಸಿ. ಕಾಯಿಯೊಳಗೆ ಸೇರಿದ ಹುಳುವಿಗೆ ಔಷಧ ತಲುಪುವುದಿಲ್ಲವಾದ್ದರಿಂದ ಇಲ್ಲಿ ತಡವೂ ಅಪಾಯವೇ. ಕಾಯಿಕೊರಕವನ್ನು ಕೊಲ್ಲುವ ವಿಷ ಗಿಡದಲ್ಲೇ ಇರುವ ಬಿ.ಟಿ. ತಳಿಯೆಂಬ ಧೈರ್ಯ ಬೇಡ, ಈ ಹುಳು ಆ ವಿಷಕ್ಕೆ ನಿರೋಧಕತೆ ಬೆಳೆಸಿಕೊಂಡಿದೆ.

ಎಕರೆಗೆ ಎರಡರಂತೆ ನೀವು ಕಟ್ಟಿರುವ ಬಲೆಗಳು ನಿಗಾ ಇಡಲು ಸಾಕು. ಗಿಡ ಬೆಳೆದಂತೆ ಬಲೆಯನ್ನೂ ಏರಿಸಿ, ಅದು ಸದಾ ಗಿಡದ ತುದಿಗಿಂತ ಒಂದು ಅಡಿ ಮೇಲಿರಲಿ. ಬಲೆಯೊಳಗಿನ ವಾಸನೆಯ ತುಣುಕು, ಅಂದರೆ ಲ್ಯೂರ್, ಹಳತಾದರೆ ಪತಂಗವಿದ್ದರೂ ಬಲೆ ಖಾಲಿಯೇ ಕಾಣುತ್ತದೆ, ಹೀಗಾಗಿ ಪೊಟ್ಟಣದ ಮೇಲೆ ಬರೆದ ಅವಧಿಗೆ ಸರಿಯಾಗಿ ಬದಲಿಸಿ. ತಂಬಾಕು ಅಥವಾ ಔಷಧ ಮುಟ್ಟಿದ ಕೈಯಿಂದ ಲ್ಯೂರ್ ಹಿಡಿಯಬೇಡಿ; ಹಳೆಯ ಲ್ಯೂರನ್ನೂ ಖಾಲಿ ಪೊಟ್ಟಣವನ್ನೂ ಹೊಲದಲ್ಲಿ ಬಿಸಾಡಿದರೆ ಪತಂಗಗಳು ಆ ವಾಸನೆಗೂ ಹೋಗುವುದರಿಂದ ನಿಮ್ಮ ಎಣಿಕೆ ತಪ್ಪುತ್ತದೆ.