ಮೂರು ಇಸಿಜಿ ಆಯಿತು, ನಾಲ್ಕನೆಯದು ಬೇಡ

ಪತ್ರದ ಸಾರ: ಹಾಸನ ಜಿಲ್ಲೆಯ 24ರ ಯುವಕ, ಕೆಲಸ ಬೆಂಗಳೂರಿನಲ್ಲಿ. 2025ರಲ್ಲಿ ಊರಿನ ಕಡೆ ಸಾಲುಸಾಲಾಗಿ ಹೃದಯಾಘಾತದ ಸಾವುಗಳಾದ ಸುದ್ದಿ ಕೇಳಿದಾಗಿನಿಂದ ಸಾವಿನ ಭಯ. ಮೂರು ಇಸಿಜಿಯೂ ನಾರ್ಮಲ್. ಆದರೂ ನಡುರಾತ್ರಿ ಎದ್ದು ವಾಚಿನಲ್ಲಿ ಎದೆಬಡಿತ ನೋಡುತ್ತಾರೆ. ಶಟಲ್ ಆಡುವುದನ್ನು ಬಿಟ್ಟಿದ್ದಾರೆ, ಮದುವೆ ಮಾತು ಬಂದರೆ ಎದ್ದು ಹೋಗುತ್ತಾರೆ. 'ಇದಕ್ಕೆ ಹೊಂದಿಕೊಂಡು ಬದುಕುವುದು ಹೇಗೆ?'

ಉತ್ತರ: ನಿಮ್ಮದು ಬುಡವಿಲ್ಲದ ಭಯ ಎನ್ನಲಾರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ 46ಕ್ಕೇ ಹೋದಾಗ, 'ಅಷ್ಟು ವರ್ಕೌಟ್ ಮಾಡುವವರಿಗೇ ಹೀಗಾದರೆ ನಮ್ಮ ಗತಿಯೇನು' ಅಂತ ಜನ ಜಯದೇವ ಹೃದ್ರೋಗ ಆಸ್ಪತ್ರೆಗೆ ಮುಗಿಬಿದ್ದಿದ್ದರು. ಹಾಸನದ ಸುದ್ದಿ ಬಂದಾಗಲೂ ಮೈಸೂರಿನ ಜಯದೇವದಲ್ಲಿ ಅದೇ ಕ್ಯೂ. ಆಮೇಲೆ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಹಿಂದಿಗಿಂತ ವಿಪರೀತ ಏರಿಕೆಯೇನೂ ಆಗಿಲ್ಲ ಎಂದಿತು. ದಿನಾ 'ಮತ್ತೊಂದು ಬಲಿ' ಎಂದು ಲೆಕ್ಕ ಕೊಟ್ಟ ಚಾನೆಲ್‌ಗಳು ಆ ವರದಿಗೆ ಎಷ್ಟು ಹೊತ್ತು ಕೊಟ್ಟವೋ! ಸುದ್ದಿಮನೆಯವನಾಗಿ ನನಗೆ ಆ ಸಿಟ್ಟಿದೆ.

ನಿಮ್ಮ ವಾಚಿನ ವಿಷಯಕ್ಕೆ ಬರೋಣ. ಎದ್ದು ನೋಡುತ್ತೀರಿ, 88. ಎದೆ ಧಸಕ್ಕೆನ್ನುತ್ತದೆ. ಗಾಬರಿಗೆ ಅಡ್ರಿನಲಿನ್ ಹರಿದು ಅದು 104 ಆಗುತ್ತದೆ. ಈಗ ಬೆರಳು ಜುಮ್ಮೆನ್ನುತ್ತದೆ, ಉಸಿರು ಸಾಲದು. ಇದು ಪ್ಯಾನಿಕ್ ಅಟ್ಯಾಕ್, ಅಂದರೆ ದಿಢೀರ್ ಗಾಬರಿಯ ಹೊಡೆತ ಇರಬಹುದು. ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ತಾನಾಗಿಯೇ ಇಳಿಯುತ್ತದೆ. ಆದರೆ ನಿಮ್ಮ ಮನಸ್ಸು 'ವಾಚು ನೋಡಿದ್ದಕ್ಕೇ ಬದುಕಿದೆ' ಎಂದು ದಾಖಲಿಸಿಕೊಳ್ಳುತ್ತದೆ. ಇಸಿಜಿಯೂ ಅಷ್ಟೇ, ವರದಿ ಕೈಗೆ ಬಂದಾಗಿನ ನೆಮ್ಮದಿ ವಾರ ದಾಟುವುದಿಲ್ಲ. ಹಾಗಾಗಿ ಮಲಗುವಾಗ ವಾಚನ್ನು ಬೇರೆ ಕೋಣೆಯಲ್ಲಿಡಿ. ಮೊದಲ ಕೆಲವು ರಾತ್ರಿ ಹಿಂಸೆಯಾಗುತ್ತದೆ, ಆಗಲಿ.

ಹೊಂದಿಕೊಳ್ಳುವುದು ಹೇಗೆ ಎಂದಿರಿ. ಶಟಲ್ ಬಿಟ್ಟು, ಮದುವೆ ಮುಂದೂಡಿ ನೀವು ಆಗಲೇ ಭಯಕ್ಕೆ ಬೇಕಾದಷ್ಟು ಹೊಂದಿಕೊಂಡಿದ್ದೀರಿ, ಅದೇ ತೊಂದರೆ! ಡಾಕ್ಟರನ್ನು ಒಮ್ಮೆ ಕೇಳಿ ಕೋರ್ಟಿಗೆ ಇಳಿಯಿರಿ. ಮದುವೆ ಬೇಡವಾದರೆ ಬೇಡ ಎನ್ನಿ, ಆದರೆ ಎದೆಯ ನೆಪ ಹೇಳಬೇಡಿ. ಸಿಗರೇಟಿದ್ದರೆ ಮಾತ್ರ ಇಂದೇ ಬಿಡಿ. ಅಲ್ಲಿ ಭಯಪಡುವುದರಲ್ಲಿ ಅರ್ಥವಿದೆ.

ಇಪ್ಪತ್ತರ ವಯಸ್ಸಿನಲ್ಲಿ ಸಾವಿನ ಯೋಚನೆ ಕಾಡುವುದು ಅಪರೂಪವಲ್ಲ. ತಿಂಗಳುಗಟ್ಟಲೆ ನಿದ್ದೆ, ಕೆಲಸ ಕೆಡಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲಿರುಳೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇನ್ನು, ಎದೆ ಹಿಂಡಿ, ಬೆವರು ಕಿತ್ತು, ನೋವು ತೋಳಿಗೋ ದವಡೆಗೋ ಹಬ್ಬಿದರೆ ನನ್ನ ಈ ಉತ್ತರ ಮರೆತು ಕೂಡಲೇ ಆಸ್ಪತ್ರೆಗೆ ಹೋಗಿ.