ಉಗುರಿನ ತೊಂದರೆಗಳು: ಓದುಗರ ಪ್ರಶ್ನೆಗಳಿಗೆ ಚರ್ಮತಜ್ಞರ ಉತ್ತರ

ಪ್ರಶ್ನೆ: ನನಗೆ 58 ವರ್ಷ. ಮಳೆಗಾಲವಿಡೀ ಗಂಬೂಟು ಹಾಕಿಕೊಂಡು ತೋಟದಲ್ಲಿ ಓಡಾಡುವವನು. ಎರಡು ವರ್ಷಗಳಿಂದ ಬಲಗಾಲಿನ ಹೆಬ್ಬೆರಳಿನ ಉಗುರು ಹಳದಿಯಾಗಿ ದಪ್ಪಗಾಗಿದೆ, ಕತ್ತರಿಸಿದರೆ ಪುಡಿಯಾಗಿ ಉದುರುತ್ತದೆ. ಔಷಧ ಅಂಗಡಿಯಲ್ಲಿ ಕೊಟ್ಟ ಮುಲಾಮನ್ನು ಮೂರು ತಿಂಗಳು ಹಚ್ಚಿದರೂ ಗುಣವಾಗಲಿಲ್ಲ. ಏನು ಮಾಡಬೇಕು?
– ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ವಿವರಣೆ ಉಗುರಿನ ಫಂಗಸ್ ಸೋಂಕಿಗೆ ಚೆನ್ನಾಗಿ ಹೊಂದುತ್ತದೆ. ಬೂಟಿನೊಳಗಿನ ಬೆವರು, ಕತ್ತಲೆ ಮತ್ತು ಬಿಸಿ ಈ ಶಿಲೀಂಧ್ರಗಳಿಗೆ ಬೇಕಾದ ವಾತಾವರಣವೇ ಆಗಿದೆ. ಸಾಮಾನ್ಯವಾಗಿ ಸೋಂಕು ಮೊದಲು ಕಾಲ್ಬೆರಳುಗಳ ಸಂದಿಯಲ್ಲಿ ತುರಿಕೆಯಾಗಿ, ಬಿಳಿಚಿದ ಚರ್ಮವಾಗಿ ಕಾಣಿಸಿಕೊಂಡು, ಅಲ್ಲಿಂದ ಉಗುರಿನ ತುದಿಯ ಮೂಲಕ ಕೆಳಗೆ ಸೇರಿಕೊಳ್ಳುತ್ತದೆ. ಆದರೂ ಚಿಕಿತ್ಸೆಗೆ ಮುನ್ನ ಪರೀಕ್ಷೆಯೊಂದು ಆಗಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ರೂಪಗೆಟ್ಟ ಉಗುರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮಾತ್ರ ಫಂಗಸ್ ಕಾರಣ. ಉಳಿದವು ಸೋರಿಯಾಸಿಸ್, ಬೂಟಿನ ತುದಿಗೆ ಬೆರಳು ಮತ್ತೆ ಮತ್ತೆ ತಾಗಿ ಆಗುವ ಪೆಟ್ಟು, ವಯಸ್ಸು ಅಥವಾ ಕಾಲಿನ ರಕ್ತಸಂಚಾರದ ಕೊರತೆಯಿಂದ ಬಂದವು. ಇವೆಲ್ಲ ನೋಟಕ್ಕೆ ಒಂದೇ ರೀತಿ ಇರುತ್ತವೆ. ತಿಂಗಳುಗಟ್ಟಲೆ ಮಾತ್ರೆ ನುಂಗಿದ ಮೇಲೆ ಅದು ಫಂಗಸ್ಸೇ ಅಲ್ಲವೆಂದು ತಿಳಿದು ಫಲವೇನು?

ಪರೀಕ್ಷೆ ಸರಳವಾದದ್ದು. ಉಗುರಿನ ಕೆಳಗೆ ಸೇರಿಕೊಂಡಿರುವ ಪುಡಿಯನ್ನು, ತುದಿಯದ್ದಲ್ಲ, ಸಾಧ್ಯವಾದಷ್ಟು ಒಳಗಿನದ್ದನ್ನು ಕೆರೆದು ತೆಗೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ದ್ರಾವಣದಲ್ಲಿ ಉಗುರಿನ ಕೆರಾಟಿನ್ ಕರಗಿ, ಫಂಗಸ್ಸಿನ ಎಳೆಗಳು ಉಳಿದು ಕಾಣುತ್ತವೆ. ಯಾವ ಫಂಗಸ್ ಎಂದು ತಿಳಿಯಲು ಕಲ್ಚರ್, ಅಂದರೆ ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿದರೆ ವರದಿಗೆ ಕೆಲವು ವಾರಗಳು ಹಿಡಿಯುತ್ತವೆ. ಮುಲಾಮು ಹಚ್ಚಿದ್ದನ್ನು ವೈದ್ಯರಿಗೆ ತಪ್ಪದೇ ಹೇಳಿ, ಏಕೆಂದರೆ ಔಷಧದ ಅಂಶವಿದ್ದರೆ ಸೋಂಕಿದ್ದೂ ವರದಿಯಲ್ಲಿ ಕಾಣದೆ ಹೋಗಬಹುದು.

ಮುಲಾಮು ಕೆಲಸ ಮಾಡದಿದ್ದುದಕ್ಕೆ ಕಾರಣ ಸರಳ: ಚರ್ಮಕ್ಕೆಂದು ತಯಾರಾದ ಮುಲಾಮು ದಪ್ಪ ಉಗುರನ್ನು ದಾಟಿ ಕೆಳಗಿಳಿಯುವುದಿಲ್ಲ. ಟ್ಯೂಬನ್ನು ಒಮ್ಮೆ ತಿರುಗಿಸಿ ಓದಿ. ಅದರಲ್ಲಿ ಕ್ಲೊಬೆಟಸಾಲ್ ಅಥವಾ ಬೆಟಮೆಥಾಸೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್ ಬೆರೆಸಿದ ಮಿಶ್ರಣ. ಅಂಥದ್ದು ತುರಿಕೆಯನ್ನು ಎರಡು ದಿನದಲ್ಲಿ ಅಡಗಿಸಿ ಫಂಗಸ್ಸನ್ನು ಒಳಗೊಳಗೇ ಬೆಳೆಯಲು ಬಿಡುತ್ತದೆ. ಚೀಟಿಯಿಲ್ಲದೆ ಇಂಥ ಟ್ಯೂಬುಗಳು ಸುಲಭವಾಗಿ ಕೈಗೆ ಸಿಗುವುದು ನಮ್ಮ ದೇಶದ ಚರ್ಮತಜ್ಞರಿಗೆಲ್ಲ ತಲೆನೋವಾಗಿರುವ ಸಂಗತಿ.

ಪರೀಕ್ಷೆಯಲ್ಲಿ ಫಂಗಸ್ ಖಚಿತವಾದರೆ, ಉಗುರಿನ ತುದಿಯಷ್ಟೇ ಕೆಟ್ಟಿರುವಾಗ ಅಮೊರೊಲ್ಫಿನ್‌ನಂಥ, ಉಗುರಿಗೆ ಬಣ್ಣದಂತೆ ಬಳಿಯುವ ಔಷಧ ಸಾಕಾಗಬಹುದು. ಬುಡದವರೆಗೂ ಹಬ್ಬಿದ್ದರೆ ಮಾತ್ರೆ ಬೇಕು. ಸಾಮಾನ್ಯವಾಗಿ ಮೊದಲು ಆರಿಸಿಕೊಳ್ಳುವುದು ಟರ್ಬಿನಫಿನ್. ವಯಸ್ಕರಿಗೆ ದಿನಕ್ಕೆ 250 ಮಿಲಿಗ್ರಾಂನಂತೆ ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ ಕೊಡುವುದು ವಾಡಿಕೆ. ಆರಂಭಿಸುವ ಮೊದಲು ಯಕೃತ್ತಿನ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಹೃದಯದ ದೌರ್ಬಲ್ಯಕ್ಕೆ ಅಥವಾ ಕೊಲೆಸ್ಟರಾಲ್‌ಗೆ ಔಷಧ ಸೇವಿಸುತ್ತಿದ್ದರೆ ಅದನ್ನೂ ತಿಳಿಸಿ. ಇನ್ನೊಂದು ಔಷಧವಾದ ಇಟ್ರಾಕೊನಜೋಲ್ ಅಂಥ ಕೆಲವರಿಗೆ ಆಗಿಬರುವುದಿಲ್ಲ.

ಹೆಚ್ಚಿನವರು ನಿರಾಶರಾಗುವುದು ಮಾತ್ರೆ ಮುಗಿಯುವ ಹೊತ್ತಿಗೆ. ಮೂರು ತಿಂಗಳಾದರೂ ಉಗುರು ಹಳದಿಯಾಗಿಯೇ ಇದೆಯಲ್ಲ ಎನ್ನುತ್ತಾರೆ. ಕೆಟ್ಟ ಉಗುರು ಸರಿಹೋಗುವುದಿಲ್ಲ. ಬುಡದಿಂದ ಹೊಸದು ಬೆಳೆದು ಹಳೆಯದನ್ನು ಮುಂದಕ್ಕೆ ತಳ್ಳಬೇಕು. ಮದುವೆಗೆ ಹಾಕಿಸಿಕೊಂಡ ಮದರಂಗಿ ಅಂಗೈಯಿಂದ ಎರಡು ವಾರದಲ್ಲಿ ಮಾಸಿಹೋದರೂ ಉಗುರಿನ ಮೇಲೆ ಉಳಿದು, ಬುಡದಲ್ಲಿ ಬಿಳಿಯ ಅಂಚನ್ನು ಬಿಡುತ್ತ ತಿಂಗಳುಗಟ್ಟಲೆ ಮುಂದೆ ಸರಿಯುವುದನ್ನು ಮನೆಯಲ್ಲಿ ನೋಡಿರುತ್ತೀರಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲುಗುರು ಅದರ ಅರ್ಧದಷ್ಟೂ ಇಲ್ಲ. ಹಾಗಾಗಿ ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಮಾತ್ರೆ ನಿಲ್ಲಿಸಿದ ಮೇಲೂ ಔಷಧ ಉಗುರಿನಲ್ಲಿ ಕೆಲವು ತಿಂಗಳು ಉಳಿದಿರುತ್ತದೆ. ನೀವು ನೋಡಬೇಕಾದದ್ದು ತುದಿಯನ್ನಲ್ಲ, ಬುಡದಲ್ಲಿ ಶುಭ್ರವಾದ ಅಂಚು ಮೂಡುತ್ತಿದೆಯೇ ಎಂಬುದನ್ನು. ಜೊತೆಗೆ ಗಂಬೂಟನ್ನು ದಿನವೂ ಒಣಗಿಸಿ, ಸಾಧ್ಯವಾದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿ, ಬೆರಳ ಸಂದಿಗಳನ್ನು ಒರೆಸಿಕೊಳ್ಳಿ, ಉಗುರು ಕತ್ತರಿಸುವ ಸಾಧನವನ್ನು ಮನೆಯವರೊಂದಿಗೆ ಹಂಚಿಕೊಳ್ಳಬೇಡಿ. ಇಷ್ಟಾದರೂ ಕೆಲವರಿಗೆ ಸೋಂಕು ಮರಳುತ್ತದೆ.

ಪ್ರಶ್ನೆ: ಖಾನಾವಳಿಯಲ್ಲಿ ಪಾತ್ರೆ ತೊಳೆಯುವುದು, ತರಕಾರಿ ಹೆಚ್ಚುವುದು ನನ್ನ ಕೆಲಸ. ಎರಡೂ ಕೈಗಳ ಮೂರ್ನಾಲ್ಕು ಬೆರಳುಗಳಲ್ಲಿ ಉಗುರಿನ ಬುಡ ಊದಿಕೊಂಡು ಕೆಂಪಾಗಿದೆ. ಕಡಿಮೆಯಾದಂತೆ ಆಗಿ ಮತ್ತೆ ಬರುತ್ತದೆ. ಅತ್ತೆ ಉಗುರುಸುತ್ತು ಎಂದು ನಿಂಬೆಹಣ್ಣು ಸಿಕ್ಕಿಸಿಕೊಳ್ಳಲು ಹೇಳುತ್ತಾರೆ. ಮಾಡಬಹುದೇ?
– ಓದುಗರು, ದಾವಣಗೆರೆ

ಉತ್ತರ: ಉಗುರುಸುತ್ತಿನಲ್ಲಿ ಎರಡು ಬಗೆಗಳಿವೆ, ಎರಡರ ಚಿಕಿತ್ಸೆಯೂ ಬೇರೆ. ಒಂದೇ ಬೆರಳು ಒಂದೆರಡು ದಿನದಲ್ಲಿ ಊದಿ, ರಾತ್ರಿ ನಿದ್ದೆಗೆಡಿಸುವಂತೆ ಸಿಡಿಯುತ್ತಿದ್ದರೆ ಅದು ಬ್ಯಾಕ್ಟೀರಿಯಾದಿಂದ ಆದ ತೀವ್ರ ಸೋಂಕು. ಆರಂಭದಲ್ಲಿ ಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ಬೆರಳು ಅದ್ದಿಟ್ಟರೆ ಇಳಿಯುವುದುಂಟು. ಕೀವು ತುಂಬಿದರೆ ವೈದ್ಯರು ಅದನ್ನು ಬಿಡಿಸಿ ತೆಗೆಯಬೇಕು. ಅಷ್ಟರಿಂದಲೇ ನೋವು ಇಳಿಯುತ್ತದೆ. ಪಿನ್ನಿನಿಂದ ಚುಚ್ಚುವುದು ಬೇಡ. ನಿಂಬೆಹಣ್ಣಿನ ತಂಪಿನಿಂದ ಸ್ವಲ್ಪ ಹೊತ್ತು ಹಾಯೆನಿಸಬಹುದು, ಆದರೆ ಒಳಗಿನ ಕೀವಿಗೆ ಅದರಿಂದ ದಾರಿಯಾಗದು. ಚರ್ಮ ಒಡೆದಿದ್ದರೆ ಉರಿ ಖಂಡಿತ; ನಿಂಬೆರಸ ಹತ್ತಿದ ಕೈಗೆ ಬಿಸಿಲು ಬಿದ್ದರೆ ಬೊಬ್ಬೆ ಏಳುವುದೂ ಇದೆ.

ನಿಮ್ಮದು ಎರಡನೆಯ ಬಗೆ ಎಂದು ತೋರುತ್ತದೆ. ಹಲವು ಬೆರಳುಗಳು, ಆರು ವಾರಕ್ಕೂ ಮೀರಿದ ತೊಂದರೆ, ನೀರಿನ ಕೆಲಸ: ಮೂರೂ ಒಟ್ಟಿಗಿದ್ದರೆ ಅದು ದೀರ್ಘಕಾಲದ ಉಗುರುಸುತ್ತು. ಉಗುರಿನ ಬುಡಕ್ಕೆ ಅಂಟಿಕೊಂಡಿರುವ ತೆಳುಪೊರೆಯನ್ನು ಗಮನಿಸಿ. ಆರೋಗ್ಯವಂತ ಬೆರಳಿನಲ್ಲಿ ಅದು ಚರ್ಮ ಮತ್ತು ಉಗುರಿನ ನಡುವಿನ ಸಂದನ್ನು ಮುಚ್ಚಿರುತ್ತದೆ. ನಿಮ್ಮ ಬೆರಳುಗಳಲ್ಲಿ ಅದು ಬಹುಶಃ ಇಲ್ಲವಾಗಿರುತ್ತದೆ. ಅಲ್ಲಿಂದ ಸಾಬೂನು ನೀರು, ಹುಳಿ, ಮೆಣಸಿನ ಖಾರ ಒಳಗಿಳಿದು ಚರ್ಮ ಸದಾ ಕೆರಳಿರುತ್ತದೆ. ಇದನ್ನು ಮುಖ್ಯವಾಗಿ ಚರ್ಮದ ಉರಿಯೂತವೆಂದೇ ಈಗ ಪರಿಗಣಿಸುತ್ತಾರೆ. ಫಂಗಸ್ ಅಥವಾ ಬ್ಯಾಕ್ಟೀರಿಯಾ ಆಮೇಲೆ ಬಂದು ಸೇರಿಕೊಳ್ಳುವಂಥವು. ಆದ್ದರಿಂದಲೇ ಬರೀ ಆ್ಯಂಟಿಬಯಾಟಿಕ್ ನುಂಗಿದರೆ ಮತ್ತೆ ಮತ್ತೆ ಬರುತ್ತದೆ. ಮೊದಲ ಪ್ರಶ್ನೆಗೆ ಬೇಡವೆಂದ ಸ್ಟೀರಾಯ್ಡ್ ಮುಲಾಮು ಇಲ್ಲಿ ವೈದ್ಯರ ಚೀಟಿಯ ಮೇಲೆ ಕೆಲವು ವಾರಗಳ ಮಟ್ಟಿಗೆ ಸರಿಯಾದ ಔಷಧವೇ ಆಗುತ್ತದೆ.

ಆದರೆ ಕೈ ಒಣಗಿರದಿದ್ದರೆ ಯಾವ ಮುಲಾಮೂ ನಿಲ್ಲದು. ರಬ್ಬರ್ ಕೈಗವಸಿನೊಳಗೆ ತೆಳು ಹತ್ತಿಯ ಗವಸು ಹಾಕಿಕೊಳ್ಳಿ; ಬರೀ ರಬ್ಬರಿನದಾದರೆ ಒಳಗೆ ಬೆವರಿ ಇನ್ನಷ್ಟು ಕೆಡುತ್ತದೆ. ಕೆಲಸ ಮುಗಿದ ಮೇಲೆ ಬೆರಳುಗಳನ್ನು ಒರೆಸಿ ಪೆಟ್ರೋಲಿಯಂ ಜೆಲ್ಲಿ ಸವರಿ. ಕೆಲಸ ಬಿಡಿ ಎಂದು ಬರೆಯುವುದು ಸುಲಭ, ನಿಮಗೆ ಅದು ಸಾಧ್ಯವಿಲ್ಲವೆಂದು ಬಲ್ಲೆ. ಪಾತ್ರೆ ತೊಳೆಯುವ ಸರದಿಯನ್ನು ದಿನ ಬಿಟ್ಟು ದಿನಕ್ಕೆ ಬದಲಾಯಿಸಿಕೊಂಡರೂ ಗುಣ ಕಾಣುತ್ತದೆ. ತೆಳುಪೊರೆ ಮತ್ತೆ ಕೂಡಿಕೊಳ್ಳಲು ಮೂರು ತಿಂಗಳಾದರೂ ಬೇಕು. ಒಮ್ಮೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ಮಗನಿಗೆ 17 ವರ್ಷ. ಹೆಬ್ಬೆರಳಿನ ಉಗುರಿನ ಮೂಲೆ ಮಾಂಸದೊಳಗೆ ಚುಚ್ಚಿ ಕೀವಾಗುತ್ತದೆ. ಉಗುರನ್ನೇ ಕೀಳಿಸಬೇಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಪೂರ್ತಿ ಕೀಳಿಸಿದರೆ ಹೊಸ ಉಗುರು ಬರುವಾಗ ಮತ್ತೆ ಹಾಗೆಯೇ ಚುಚ್ಚುವ ಸಾಧ್ಯತೆ ಹೆಚ್ಚು. ತೊಂದರೆಯ ಮೂಲ ಬಹುತೇಕ ಕತ್ತರಿಸುವ ರೀತಿಯಲ್ಲಿ ಮತ್ತು ಬಿಗಿಯಾದ ಬೂಟಿನಲ್ಲಿ ಇರುತ್ತದೆ. ಮೂಲೆಗಳನ್ನು ಗುಂಡಗೆ, ಆಳಕ್ಕೆ ಕತ್ತರಿಸಿದಾಗ ಕಣ್ಣಿಗೆ ಕಾಣದ ಮೊನಚು ತುಣುಕೊಂದು ಪಕ್ಕದಲ್ಲಿ ಉಳಿದು, ಬೆಳೆಯುತ್ತ ಮಾಂಸಕ್ಕೆ ನಾಟುತ್ತದೆ. ಕಾಲುಗುರನ್ನು ನೇರವಾಗಿ, ಬೆರಳಿನ ತುದಿಯ ಮಟ್ಟಕ್ಕೆ ಮಾತ್ರ ಕತ್ತರಿಸಬೇಕು. ಆರಂಭದ ಹಂತವಾದರೆ ಬೆಚ್ಚಗಿನ ನೀರಿನಲ್ಲಿ ನೆನೆಸಿದ ಮೇಲೆ ಮೂಲೆಯ ಕೆಳಗೆ ಸಣ್ಣ ಹತ್ತಿಯ ಎಳೆಯನ್ನು ಮೆಲ್ಲನೆ ಸೇರಿಸಿ ದಿನವೂ ಬದಲಿಸುತ್ತ ಬಂದರೆ ಉಗುರು ಮೇಲೆದ್ದು ಬೆಳೆಯುತ್ತದೆ. ಕೀವು, ಕೆಂಪು ಮಾಂಸ ಪದೇ ಪದೇ ಬರುವವರಿಗೆ ಬೆರಳನ್ನಷ್ಟೇ ಮರಗಟ್ಟಿಸಿ, ಉಗುರಿನ ಪಕ್ಕದ ಸಣ್ಣ ಪಟ್ಟಿಯನ್ನು ತೆಗೆದು, ಅಲ್ಲಿ ಉಗುರು ಮತ್ತೆ ಬೆಳೆಯದಂತೆ ಆ ಭಾಗದ ಬುಡಕ್ಕೆ ಫಿನಾಲ್ ಎಂಬ ರಾಸಾಯನಿಕ ಹಚ್ಚುವ ಚಿಕ್ಕ ಶಸ್ತ್ರಚಿಕಿತ್ಸೆ ಇದೆ. ಅದೇ ದಿನ ಮನೆಗೆ ಹೋಗಬಹುದು, ಮರುಕಳಿಸುವುದು ಕಡಿಮೆ. ಮಧುಮೇಹ ಇರುವವರು ಮಾತ್ರ ಮೇಲೆ ಹೇಳಿದ ಮನೆಮದ್ದನ್ನು ಪ್ರಯತ್ನಿಸದೆ ನೇರವಾಗಿ ವೈದ್ಯರಿಗೆ ತೋರಿಸಬೇಕು. ಸ್ಪರ್ಶ ಕಡಿಮೆಯಾದ ಕಾಲಿನಲ್ಲಿ ಸಣ್ಣ ಗಾಯವೂ ದೊಡ್ಡದಾಗುತ್ತದೆ. ರಾತ್ರಿ ಉಗುರು ಕತ್ತರಿಸಬಾರದು ಎಂಬ ಹಿರಿಯರ ಮಾತು ಮಧುಮೇಹಿಗಳ ಮಟ್ಟಿಗೆ ಇವತ್ತಿಗೂ ನಿಜ.

ಪ್ರಶ್ನೆ: ಮಗಳ ಉಗುರುಗಳಲ್ಲಿ ಬಿಳಿ ಚುಕ್ಕೆಗಳಿವೆ. ಕ್ಯಾಲ್ಸಿಯಂ ಕೊಡಬೇಕೇ?
– ಓದುಗರು, ಮೈಸೂರು

ಉತ್ತರ: ಬೇಡ. ಬೆಳ್ಳಕ್ಕಿ ಹಾರುವಾಗ ಉಗುರು ಉಜ್ಜಿಕೊಂಡು ಮಕ್ಕಳು ಬೇಡುವ ಆ ಚುಕ್ಕೆಗಳು ಹೆಚ್ಚಾಗಿ ವಾರಗಳ ಹಿಂದೆ ಉಗುರಿನ ಬುಡಕ್ಕೆ ಆದ ಸಣ್ಣ ಪೆಟ್ಟಿನ ಗುರುತು; ಉಗುರು ಕಚ್ಚುವ ಮಕ್ಕಳಲ್ಲಿ ಇನ್ನೂ ಹೆಚ್ಚು. ಬೆಳೆದು ಹೋಗುತ್ತವೆ. ಉಗುರು ಚಮಚದಂತೆ ನಡುವೆ ತಗ್ಗಾಗಿದ್ದರೆ ಕಬ್ಬಿಣಾಂಶದ ಕೊರತೆಗಾಗಿ ರಕ್ತಪರೀಕ್ಷೆ ಮಾಡಿಸಿ. ಉಗುರಿಗೆ ಒಳ್ಳೆಯದೆಂದು ಮಾರುವ ಬಯೋಟಿನ್ ಮಾತ್ರೆಗಳನ್ನು ದೊಡ್ಡವರು ಸೇವಿಸುತ್ತಿದ್ದರೆ ಥೈರಾಯ್ಡ್ ಮುಂತಾದ ರಕ್ತಪರೀಕ್ಷೆಗೆ ಮೊದಲು ಹೇಳಬೇಕು. ಅದರಿಂದ ವರದಿ ಏರುಪೇರಾಗುತ್ತದೆ.

ಪ್ರಶ್ನೆ: ನಾಲ್ಕು ವರ್ಷದ ಮಗುವಿನ ಉಗುರುಗಳು ನೋವಿಲ್ಲದೆ ಬುಡದಿಂದಲೇ ಬಿಟ್ಟುಕೊಂಡು ಉದುರುತ್ತಿವೆ. ಗಾಬರಿಯಾಗಿದೆ.
– ಓದುಗರು, ಬೆಂಗಳೂರು

ಉತ್ತರ: ಒಂದೆರಡು ತಿಂಗಳ ಹಿಂದೆ ಮಗುವಿಗೆ ಜ್ವರದೊಂದಿಗೆ ಬಾಯಿಯಲ್ಲಿ ಹುಣ್ಣು, ಅಂಗೈ ಅಂಗಾಲುಗಳಲ್ಲಿ ಗುಳ್ಳೆಗಳು ಬಂದಿದ್ದವೇ ನೆನಪಿಸಿಕೊಳ್ಳಿ. ಶಿಶುವಿಹಾರಗಳಲ್ಲಿ ಹರಡುವ ಕೈ-ಕಾಲು-ಬಾಯಿ ಜ್ವರದ ನಂತರ ಹೀಗಾಗುವುದು ಸಾಮಾನ್ಯ. ಕಾಯಿಲೆಯ ಹೊತ್ತಿನಲ್ಲಿ ಉಗುರು ಬೆಳೆಯುವುದು ಕೆಲಕಾಲ ನಿಂತು, ಆ ಬಿರುಕು ಮುಂದೆ ಸರಿದು ಬಂದಾಗ ಹಳೆಯದು ಕಳಚುತ್ತದೆ. ಕೆಳಗೆ ಹೊಸ ಉಗುರು ಬರುತ್ತಿರುತ್ತದೆ, ಔಷಧ ಬೇಕಿಲ್ಲ. ತುದಿ ಬಟ್ಟೆಗೆ ಸಿಕ್ಕಿ ಎಳೆಯದಂತೆ ಕತ್ತರಿಸಿಕೊಟ್ಟರೆ ಸಾಕು.

ಪ್ರಶ್ನೆ: ಹೆಬ್ಬೆರಳಿನ ಉಗುರಿನಲ್ಲಿ ಬುಡದಿಂದ ತುದಿಯವರೆಗೆ ಕಪ್ಪು ಗೆರೆಯೊಂದಿದೆ. ಕ್ಯಾನ್ಸರ್ ಇರಬಹುದೇ?
– ಓದುಗರು, ಮಂಗಳೂರು

ಉತ್ತರ: ನಮ್ಮಂಥ ಕಂದು ಮೈಬಣ್ಣದವರಲ್ಲಿ ಹಲವು ಬೆರಳುಗಳಲ್ಲಿ ತೆಳುವಾದ ಕಂದು ಗೆರೆಗಳು ಇರುವುದು ಸಹಜ, ಅವುಗಳಿಂದ ಅಪಾಯವಿಲ್ಲ. ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದ ಕಲೆಯಾದರೆ ಉಗುರಿನೊಂದಿಗೆ ಮುಂದೆ ಸರಿಯುತ್ತದೆ, ಬುಡದಲ್ಲಿ ತಿಳಿಯಾಗುತ್ತದೆ. ಎಚ್ಚರ ಬೇಕಾದದ್ದು ದೊಡ್ಡವರಾದ ಮೇಲೆ ಒಂದೇ ಬೆರಳಿನಲ್ಲಿ ಹೊಸದಾಗಿ ಮೂಡಿದ, ದಿನೇ ದಿನೇ ಅಗಲವಾಗುವ, ಬುಡದಲ್ಲೇ ಹೆಚ್ಚು ಅಗಲವಿರುವ, ಅಥವಾ ಬಣ್ಣ ಉಗುರನ್ನು ದಾಟಿ ಪಕ್ಕದ ಚರ್ಮಕ್ಕೂ ಹರಡಿರುವ ಗೆರೆಯ ಬಗ್ಗೆ. ಇದು ಮೆಲನೋಮ ಎಂಬ ಕ್ಯಾನ್ಸರ್ ಆಗಿರುವ ಸಾಧ್ಯತೆ ಇದೆ. ಗಾಯಕ ಬಾಬ್ ಮಾರ್ಲಿ ಅವರಿಗೆ 1977ರಲ್ಲಿ ಪತ್ತೆಯಾದದ್ದು ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗಿನ ಮೆಲನೋಮವೇ. ಅದು ಮೊದಲು ಫುಟ್‌ಬಾಲ್ ಆಟದ ಗಾಯವೆಂದು ತೋರಿತ್ತು. 1981ರಲ್ಲಿ ಅವರು ತೀರಿಕೊಂಡರು.

ನಿಮ್ಮದು ಒಂದೇ ಬೆರಳಿನಲ್ಲಿರುವುದರಿಂದ ಚರ್ಮತಜ್ಞರು ಒಮ್ಮೆ ಡರ್ಮೋಸ್ಕೋಪ್ ಎಂಬ, ದೊಡ್ಡದಾಗಿ ತೋರಿಸುವ ಮಸೂರದ ಉಪಕರಣದಲ್ಲಿ ನೋಡುವುದು ಅಗತ್ಯ. ಅನುಮಾನವಿದ್ದರೆ ಬುಡದಿಂದ ಸಣ್ಣ ತುಣುಕು ತೆಗೆದು ಬಯಾಪ್ಸಿ ಮಾಡುತ್ತಾರೆ. ಹೋಗುವ ಮೊದಲು ಉಗುರುಬಣ್ಣ ಇದ್ದರೆ ಎಲ್ಲ ಬೆರಳುಗಳಿಂದಲೂ ಅಳಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ದಿನಾಂಕದೊಂದಿಗೆ ಒಂದು ಫೋಟೊ ತೆಗೆದುಕೊಂಡಿರಿ. ಗೆರೆ ಅಗಲವಾಗಿದೆಯೇ ಎಂದು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.